ಮಿಕ್ಕ ವೇಳೆಯಲ್ಲಿ ದೊರೆತ ದನಿ

ಕಲಾವಿದನೊಬ್ಬನ ಹಿರಿಮೆಯನ್ನು ಆತನ ಅತ್ಯಂತ ಪ್ರಸಿದ್ಧ ಕೃತಿಯಿಂದ ಅಳೆಯುವುದು ಲೋಕರೂಢಿ. ಅಮೆರಿಕದ ಸೋಲ್ ಗಾಯಕ ಓಟಿಸ್ ರೆಡ್ಡಿಂಗ್‌ನನ್ನು ಜಗತ್ತು ಇಂದಿಗೂ ಗುರುತಿಸುವುದು, ಸಾವಿಗೆ ಕೆಲವೇ ದಿನಗಳಿದ್ದಾಗ ಧ್ವನಿಮುದ್ರಿಸಿದ ‘ಡಾಕ್ ಆಫ್ ದ ಬೇ’ ಹಾಡಿನಿಂದ. ಆದರೆ ಆ ದನಿ ರೂಪುಗೊಂಡ ಬಗೆಯನ್ನು ಅರಿಯಬೇಕಾದರೆ 1964ರ ಜನವರಿಯಲ್ಲಿ ಹೊರಬಂದ ಆತನ ಚೊಚ್ಚಲ ಆಲ್ಬಂ ‘ಪೇನ್ ಇನ್ ಮೈ ಹಾರ್ಟ್’ಗೆ ಮರಳಬೇಕು. ಅದು ಪರಿಪೂರ್ಣ ಕೃತಿಯಲ್ಲ, ಕಲಿಯುತ್ತಿರುವವನ ಕೃತಿ. ಅದರ ಬೆಲೆಯೂ ಅಲ್ಲಿಯೇ ಇದೆ.

ರೆಡ್ಡಿಂಗ್ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಜಾರ್ಜಿಯಾ ರಾಜ್ಯದ ಡಾಸನ್‌ನಲ್ಲಿ. ಬೆಳೆದದ್ದು ಅದೇ ರಾಜ್ಯದ ಮೇಕನ್ ನಗರದಲ್ಲಿ. ತಂದೆ ಪರರ ಹೊಲವನ್ನು ಪಾಲಿಗೆ ಉಳುತ್ತಿದ್ದವರು. ಅವರಿಗೆ ಕ್ಷಯರೋಗ ತಗಲಿದಾಗ ಹದಿನೈದರ ಮಗ ಶಾಲೆ ಬಿಟ್ಟು ಸಂಸಾರದ ನೊಗಕ್ಕೆ ಹೆಗಲು ಕೊಡಬೇಕಾಯಿತು. ಬಾವಿ ತೋಡಿದ, ಪೆಟ್ರೋಲ್ ಬಂಕಿನಲ್ಲಿ ದುಡಿದ. ಚರ್ಚಿನ ಭಕ್ತಿಗಾಯನ ಆತನ ಮೊದಲ ಪಾಠವಾದರೆ, ಅದೇ ಮೇಕನ್‌ನ ಲಿಟಲ್ ರಿಚರ್ಡ್ ಆತನ ಮೊದಲ ಆದರ್ಶ. ಊರಿನ ಡಗ್ಲಸ್ ಥಿಯೇಟರಿನ ಸ್ಪರ್ಧೆಗಳಲ್ಲಿ ಗೆಲ್ಲುತ್ತ ಆತ ಹೆಸರಾದದ್ದು ಬಹುಮಟ್ಟಿಗೆ ಆ ಹಿರಿಯನ ಅನುಕರಣೆಯಿಂದಲೇ.

1962ರಲ್ಲಿ ಗಿಟಾರ್ ವಾದಕ ಜಾನಿ ಜೆಂಕಿನ್ಸ್‌ಗೆ ಮೆಂಫಿಸ್ ನಗರದ ಸ್ಟ್ಯಾಕ್ಸ್ ಸ್ಟುಡಿಯೊದಿಂದ ಕರೆ ಬಂತು. ರೆಡ್ಡಿಂಗ್ ಆತನ ಕಾರು ಓಡಿಸಿಕೊಂಡು ಜೊತೆಗೆ ಹೋದವನು ಮಾತ್ರ. ಜೆಂಕಿನ್ಸ್‌ನ ಧ್ವನಿಮುದ್ರಣ ಫಲ ನೀಡಲಿಲ್ಲ. ಮಿಕ್ಕಿದ್ದ ಅಲ್ಪ ವೇಳೆಯಲ್ಲಿ ಕಾರಿನ ಸಾರಥಿಗೆ ಹಾಡಲು ಅವಕಾಶ ದೊರೆಯಿತು. ಆಗ ಆತ ಹಾಡಿದ ನಿಧಾನಗತಿಯ ‘ದೀಸ್ ಆರ್ಮ್ಸ್ ಆಫ್ ಮೈನ್’ ಮರುವರ್ಷ ಜನಪ್ರಿಯ ಗೀತೆಗಳ ಪಟ್ಟಿಯನ್ನೇರಿತು. ಲಿಟಲ್ ರಿಚರ್ಡ್‌ನ ಅಬ್ಬರವನ್ನು ತೊರೆದು, ಬೇಡುವವನ ನಡುಗುದನಿಯನ್ನು ನೆಚ್ಚಿದಾಗಲೇ ಆತನಿಗೆ ತನ್ನ ದಾರಿ ಕಂಡಿತ್ತು.

ಹಳೆಯ ಚಿತ್ರಮಂದಿರವೊಂದರಲ್ಲಿ ನೆಲೆಗೊಂಡಿದ್ದ ಆ ಸ್ಟುಡಿಯೊ ಸ್ವತಃ ಒಂದು ವಿಸ್ಮಯ. ವರ್ಣಭೇದ ಇನ್ನೂ ಬಲವಾಗಿದ್ದ ದಕ್ಷಿಣದ ಊರಿನಲ್ಲಿ ಬುಕರ್ ಟಿ. ಜೋನ್ಸ್, ಅಲ್ ಜಾಕ್ಸನ್‌ರಂಥ ಕಪ್ಪು ವಾದಕರೂ ಸ್ಟೀವ್ ಕ್ರಾಪರ್‌ನಂಥ ಬಿಳಿಯ ವಾದಕರೂ ಒಂದೇ ತಂಡವಾಗಿ ನುಡಿಸುತ್ತಿದ್ದರು. ಸಾರ್ವಜನಿಕ ಸ್ಥಳಗಳಲ್ಲಿ ಜನಾಂಗಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆ ಜಾರಿಯಾದದ್ದು 1964ರ ಜುಲೈಯಲ್ಲಿ, ಅಂದರೆ ಈ ಆಲ್ಬಂ ಬಂದು ಆರು ತಿಂಗಳ ತರುವಾಯ.

ಆಲ್ಬಂನಲ್ಲಿರುವುದು ಹನ್ನೆರಡು ಹಾಡುಗಳು. ‘ಲೂಸಿಲ್’, ‘ಸ್ಟ್ಯಾಂಡ್ ಬೈ ಮಿ’, ಸ್ಯಾಮ್ ಕುಕ್‌ನ ‘ಯೂ ಸೆಂಡ್ ಮಿ’ ಸೇರಿದಂತೆ ಅರ್ಧದಷ್ಟು, ಇತರರು ಹಾಡಿ ಆಗಲೇ ಹೆಸರಾಗಿಸಿದ್ದವು. ಶೀರ್ಷಿಕೆಗೀತೆಯ ಮೂಲವೂ ಅಲೆನ್ ಟೂಸೆಂಟ್ ಗಾಯಕಿ ಅರ್ಮಾ ಥಾಮಸ್‌ಗಾಗಿ ರಚಿಸಿದ್ದ ಹಾಡೇ. ಮೊದಲು ರೆಡ್ಡಿಂಗ್ ಹೆಸರಿನಲ್ಲಿದ್ದ ಅದರ ಶ್ರೇಯಸ್ಸು ಮುಂದೆ ಮೂಲ ರಚನಕಾರನಿಗೆ ಸಂದಿತು. ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಈ ಕೃತಿ 103ನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ‘ಲೂಸಿಲ್’ನಲ್ಲಿ ಆತ ಇನ್ನೂ ಶಿಷ್ಯನೇ. ಎರವಲು ತಂದ ಶೀರ್ಷಿಕೆಗೀತೆಯಲ್ಲಿ ಮಾತ್ರ ಪದವೊಂದನ್ನು ಎಳೆದು, ತಡೆದು, ಮುರಿದು ನೋವಿಗೆ ಒಡ್ಡುವ ಆತನ ಸ್ವಂತ ಕ್ರಮ ಕೇಳಿಸುತ್ತದೆ.

ಹಾಡು ಒಬ್ಬರ ಕೊರಳಿನಿಂದ ಇನ್ನೊಬ್ಬರ ಕೊರಳಿಗೆ ಸಾಗುವುದು ಸೋಲ್ ಸಂಗೀತದ ಸ್ವಭಾವ. ಎರವಲು ಪಡೆದವನು ಮುಂದೆ ಕೊಡುಗೈಯೂ ಆದ. 1965ರಲ್ಲಿ ಆತ ಬರೆದು ಹಾಡಿದ ‘ರೆಸ್ಪೆಕ್ಟ್’, ದುಡಿದು ಮನೆಗೆ ಮರಳುವ ಗಂಡಸಿನ ಬೇಡಿಕೆಯಾಗಿತ್ತು. 1967ರಲ್ಲಿ ಅರೆಥಾ ಫ್ರಾಂಕ್ಲಿನ್ ಅದನ್ನು ಹೆಣ್ಣಿನ ಆತ್ಮಗೌರವದ ಗೀತೆಯಾಗಿ ಮಾರ್ಪಡಿಸಿದಳು.

ಅದೇ ವರ್ಷ ಜೂನ್‌ನಲ್ಲಿ ಮಾಂಟೆರೆ ಸಂಗೀತೋತ್ಸವದ ಅಪಾರ ಶ್ರೋತೃವೃಂದವನ್ನು ರೆಡ್ಡಿಂಗ್ ಗೆದ್ದ. ಡಿಸೆಂಬರ್ 10ರಂದು ಆತನ ವಿಮಾನ ವಿಸ್ಕಾನ್ಸಿನ್‌ನ ಮೊನೊನಾ ಸರೋವರಕ್ಕೆ ಬಿತ್ತು. ಬಾರ್-ಕೇಸ್ ತಂಡದ ನಾಲ್ವರು ತರುಣ ವಾದಕರೂ ಆತನೊಡನೆ ಮಡಿದರು. ಆತನಿಗಾಗ ಕೇವಲ 26 ವರ್ಷ. ‘ಡಾಕ್ ಆಫ್ ದ ಬೇ’ ಪಟ್ಟಿಯ ಅಗ್ರಸ್ಥಾನಕ್ಕೇರಿದ್ದು 1968ರ ಮಾರ್ಚ್‌ನಲ್ಲಿ; ಅದನ್ನು ಕಾಣಲು ಆತ ಉಳಿದಿರಲಿಲ್ಲ.

ಸ್ಟ್ಯಾಕ್ಸ್‌ನಲ್ಲಿನ ಮೊದಲ ಧ್ವನಿಮುದ್ರಣದಿಂದ ಸಾವಿನವರೆಗೆ ಆತನಿಗೆ ದೊರೆತದ್ದು ಸುಮಾರು ಐದು ವರ್ಷ. ಆ ಅವಧಿಯ ಮೊದಲ ಪಾಲನ್ನು ಅನುಕರಣೆಯಲ್ಲಿ, ಎರವಲಿನಲ್ಲಿ, ತಪ್ಪುಒಪ್ಪುಗಳಲ್ಲಿ ಕಳೆಯಲು ಆತನಿಗೆ ಆಸ್ಪದ ನೀಡಿದ ಸಂಸ್ಥೆಯೊಂದಿತ್ತು. ಮೊದಲ ಕೃತಿಯಲ್ಲೇ ಸಿದ್ಧಿಯನ್ನು ಬಯಸುವ ನಮ್ಮ ಕಾಲ ಈ ಆಲ್ಬಂನಿಂದ ಕಲಿಯಬೇಕಾದದ್ದು ಆ ತಾಳ್ಮೆಯನ್ನು.