ಎಲ್1 ಅಂದ್ರೆ ಯಾರು?

ಇಸ್ರೋದ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ತನ್ನ ಜಾಗ ಸೇರಿತು. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರ. ಆದಿತ್ಯ ಯಾರು ಅಂತ ಎಲ್ಲರಿಗೂ ಗೊತ್ತು. ಆ 'ಎಲ್' ಯಾರು? ಜೋಸೆಫ್ ಲೂಯಿ ಲಗ್ರಾಂಜ್. ಇಂಜಿನಿಯರಿಂಗ್ ಓದಿದವರು ಗಣಿತದ ಪೇಪರ್ ಪಾಸಾದ ದಿನವೇ ಮರೆತುಬಿಡೋ ಹೆಸರು.

ಲಗ್ರಾಂಜ್ ಹುಟ್ಟಿದ್ದು 1736ರಲ್ಲಿ, ಇಟಲಿಯ ಟ್ಯೂರಿನ್‌ನಲ್ಲಿ. ಅಪ್ಪನಿಗೆ ಮಗ ವಕೀಲನಾಗಲಿ ಅನ್ನೋ ಆಸೆ. ಆದರೆ ಖಗೋಳ ವಿಜ್ಞಾನಿ ಹ್ಯಾಲಿಯ ಒಂದು ಲೇಖನ ಕೈಗೆ ಸಿಕ್ಕಿ ಹುಡುಗ ಗಣಿತಕ್ಕೆ ಅಂಟಿಕೊಂಡ. 19ಕ್ಕೇ ಊರಿನ ಫಿರಂಗಿದಳದ ಶಾಲೆಯಲ್ಲಿ ಗಣಿತದ ಮೇಷ್ಟ್ರಾದ. 1766ರಲ್ಲಿ ಬರ್ಲಿನ್ ಅಕಾಡೆಮಿಯಲ್ಲಿ ಮಹಾನ್ ಗಣಿತಜ್ಞ ಆಯ್ಲರ್ ಬಿಟ್ಟುಹೋದ ಹುದ್ದೆಗೆ ಬಂದು ಕೂತ.

ಪರಸ್ಪರ ಎಳೆದಾಡೋ ಎರಡು ಕಾಯಗಳ ಲೆಕ್ಕವನ್ನು ನ್ಯೂಟನ್ ಬಿಡಿಸಿದ್ದ. ಮೂರನೆಯದು ಸೇರಿದರೆ ಲೆಕ್ಕ ಕೈಗೆ ಸಿಗಲ್ಲ. ಆದರೆ ಕೆಲವು ವಿಶೇಷ ಜೋಡಣೆಗಳಿವೆ. ಮೂರೂ ಒಂದೇ ಗೆರೆಯಲ್ಲಿದ್ದರೆ ಹಾಗೇ ಉಳಿಯಬಲ್ಲವು ಅಂತ ಆಯ್ಲರ್ ಮೊದಲೇ ತೋರಿಸಿದ್ದ. ಸಮಬಾಹು ತ್ರಿಕೋನದಲ್ಲಿದ್ದರೂ ಉಳಿಯಬಲ್ಲವು ಅಂತ ಲಗ್ರಾಂಜ್ 1772ರಲ್ಲಿ ತೋರಿಸಿದ. ಒಟ್ಟು ಐದು ಜಾಗ. ಅಂಥದ್ದು ಆಕಾಶದಲ್ಲಿ ಎಲ್ಲೂ ಕಂಡಿರಲಿಲ್ಲ. ಆತನಿಗೂ ಇದು ಬರೀ ಕುತೂಹಲದ ಲೆಕ್ಕ.

1787ರಲ್ಲಿ ಪ್ಯಾರಿಸ್ ಕರೆಯಿತು. ಮರುವರ್ಷ ಯಂತ್ರಶಾಸ್ತ್ರದ ಮೇಲಿನ ದೊಡ್ಡ ಪುಸ್ತಕ ಬಂತು, ಇಡೀ ಪುಸ್ತಕದಲ್ಲಿ ಒಂದೇ ಒಂದು ಚಿತ್ರ ಇಲ್ಲ. ಅದರ ಬೆನ್ನಿಗೇ ಕ್ರಾಂತಿ. 1793ರಲ್ಲಿ ಶತ್ರು ದೇಶಗಳಲ್ಲಿ ಹುಟ್ಟಿದವರನ್ನು ಬಂಧಿಸಿ ಆಸ್ತಿ ಮುಟ್ಟುಗೋಲು ಹಾಕೋ ಕಾನೂನು ಬಂತು. ಲಗ್ರಾಂಜ್ ಪರವಾಗಿ ಮಾತಾಡಿ ಉಳಿಸಿದ್ದು ರಸಾಯನಶಾಸ್ತ್ರಜ್ಞ ಲವಾಸಿಯೇ. ಮರುವರ್ಷ ಮೇ 8ರಂದು ಅದೇ ಲವಾಸಿಯೇಯ ತಲೆ ಗಿಲೊಟಿನ್‌ಗೆ ಹೋಯಿತು. ಲಗ್ರಾಂಜ್ ಬದುಕುಳಿದ, ಮೆಟ್ರಿಕ್ ಪದ್ಧತಿ ರೂಪಿಸೋದರಲ್ಲಿ ಕೈಜೋಡಿಸಿದ, ಪಾಠ ಮಾಡಿದ, 1813ರಲ್ಲಿ ತೀರಿಕೊಂಡ. ತನ್ನ ಲೆಕ್ಕ ನಿಜವಾಗಿದ್ದನ್ನು ನೋಡಲಿಲ್ಲ. ಗುರುವಿನ ಕಕ್ಷೆಯಲ್ಲಿ, ಸೂರ್ಯ ಮತ್ತು ಗುರುವಿನ ಜೊತೆ ತ್ರಿಕೋನ ಮಾಡಿಕೊಂಡ ಅಕಿಲೀಸ್ ಕ್ಷುದ್ರಗ್ರಹ ಸಿಕ್ಕಿದ್ದು 1906ರಲ್ಲಿ.

ಈಗ ಎಲ್2 ನೋಡಿ. ಸೂರ್ಯನಿಂದ ದೂರ ಇದ್ದಷ್ಟೂ ಒಂದು ಸುತ್ತಿಗೆ ಹೆಚ್ಚು ಕಾಲ ಬೇಕು. ಆದರೆ ಭೂಮಿಯ ಆಚೆಗೆ 15 ಲಕ್ಷ ಕಿಲೋಮೀಟರ್‌ನಲ್ಲಿ ಸೂರ್ಯನ ಎಳೆತಕ್ಕೆ ಭೂಮಿಯದ್ದೂ ಸೇರಿ, ನೌಕೆ ನಮ್ಮ ಜೊತೆಗೇ ವರ್ಷಕ್ಕೊಂದು ಸುತ್ತು ಹಾಕುತ್ತೆ. ಅಲ್ಲಿಂದ ಸೂರ್ಯ, ಭೂಮಿ, ಚಂದ್ರ ಮೂರೂ ಒಂದೇ ಕಡೆ. ಹಾಗಾಗಿ ಜೇಮ್ಸ್ ವೆಬ್ ದೂರದರ್ಶಕ ಒಂದೇ ಕೊಡೆ ಹಿಡಿದು ಮೂರರ ಬಿಸಿಯನ್ನೂ ತಡೆಯುತ್ತೆ. ತಾನೇ ಬಿಸಿಯಾದರೆ ಅತಿ ದೂರದ ಗೆಲಾಕ್ಸಿಗಳ ಮಂದ ಅವಕೆಂಪು ಬೆಳಕು ಅದಕ್ಕೆ ಕಾಣೋದಿಲ್ಲ. ಎಲ್1ರಲ್ಲಿ ಸೂರ್ಯನಿಗೆ ಗ್ರಹಣವೇ ಇಲ್ಲ. ಅಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಟ್ಟಿದ ಉಪಕರಣ ಸೂರ್ಯನ ಕರೋನಾ ನೋಡ್ತಾ ಇದೆ.

ಸಂಶೋಧನೆಗೆ ದುಡ್ಡು ಕೇಳಿದರೆ ನಮ್ಮಲ್ಲಿ ಮೊದಲ ಪ್ರಶ್ನೆ, ಇದರಿಂದ ಏನುಪಯೋಗ? 1772ರಲ್ಲಿ ಲಗ್ರಾಂಜ್ ಹತ್ರ ಅದಕ್ಕೆ ಉತ್ತರ ಇರಲಿಲ್ಲ. ಆ ಜಾಗಗಳಲ್ಲೊಂದಕ್ಕೆ ಮೊದಲ ನೌಕೆ ಹೊರಟಿದ್ದು 1978ರಲ್ಲಿ, 206 ವರ್ಷ ಕಳೆದ ಮೇಲೆ. ಅಷ್ಟು ಕಾಯೋ ಬಜೆಟ್ ಯಾವ ಸರ್ಕಾರದ್ದೂ ಇರಲ್ಲ, ನಿಜ. ಆದರೆ ಉಪಯೋಗದ ಪ್ರಮಾಣಪತ್ರ ತರದ ಲೆಕ್ಕಕ್ಕೂ ಒಂದಿಷ್ಟು ದುಡ್ಡು ಎತ್ತಿಡಬಹುದಲ್ವಾ?