ವಿಮಾನ ಕಟ್ಟಹೊರಟ ವಾಲ್‌ಚಂದ್ ಹೀರಾಚಂದ್

ನಮ್ಮ ತಂದೆಯವರು ಹಳ್ಳಿಯ ಕಮ್ಮಾರರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಒಂದು ಬೇಸಗೆಯಲ್ಲಿ ನೆರೆಯವರ ಕೊಳವೆಬಾವಿಯ ಪಂಪು ಕೆಟ್ಟಿತು. ಬಿಡಿಭಾಗವು ದೂರದೂರಿನಿಂದ ಬರುವಷ್ಟರಲ್ಲಿ ಎರಡೆಕರೆ ಬೆಳೆ ಒಣಗಿಹೋಯಿತು. ನೇಗಿಲಿನ ಕುಳವನ್ನು ಗಳಿಗೆಯಲ್ಲಿ ತಟ್ಟಿಕೊಡುವ ತಂದೆಯವರು ಅಂದು ಕೈಕಟ್ಟಿ ನಿಂತಿದ್ದರು. ಒಂದು ದೇಶವು ತನ್ನ ಆಯುಧಗಳನ್ನು ತಾನೇ ತಯಾರಿಸಬೇಕೇ, ಪರದೇಶದಿಂದ ಕೊಳ್ಳಬೇಕೇ ಎಂಬ ಚರ್ಚೆಯನ್ನು ಕೇಳಿದಾಗಲೆಲ್ಲ ನನಗೆ ಆ ದಿನವೂ, ಅದರೊಡನೆ ವಾಲ್‌ಚಂದ್ ಹೀರಾಚಂದರ ಜೀವನವೂ ನೆನಪಾಗುತ್ತವೆ.

ವಾಲ್‌ಚಂದರು 1882ರಲ್ಲಿ ಸೊಲ್ಲಾಪುರದ ಜೈನ ವರ್ತಕ ಕುಟುಂಬದಲ್ಲಿ ಜನಿಸಿದರು. ಕಾಲೇಜು ಸೇರಿದರೂ ಪದವಿ ಪಡೆಯದೆ ರೈಲ್ವೆ ಗುತ್ತಿಗೆದಾರರಾದರು. 1919ರಲ್ಲಿ ಮಿತ್ರರೊಡಗೂಡಿ ಸಿಂಧಿಯಾ ಹಡಗು ಕಂಪನಿಯನ್ನು ಸ್ಥಾಪಿಸಿದರು. ಬ್ರಿಟಿಷ್ ಕಂಪನಿಗಳು ದರವನ್ನು ಇಳಿಸಿ ಅದನ್ನು ಮುಳುಗಿಸಲು ನೋಡಿದವು. ಪರರ ಹಡಗನ್ನು ನಂಬಿದ ದೇಶವು ಪರರ ಮರ್ಜಿಯಲ್ಲಿರುತ್ತದೆ ಎಂಬ ಪಾಠವನ್ನು ಅವರು ಕಲಿತದ್ದು ಈ ಹೋರಾಟದಲ್ಲಿ.

1939ರಲ್ಲಿ ವಿಮಾನಪ್ರಯಾಣವೊಂದರಲ್ಲಿ ಅವರಿಗೆ ವಿಲಿಯಂ ಪಾಲೀ ಎಂಬ ಅಮೆರಿಕನ್ನರ ಪರಿಚಯವಾಯಿತು. ಪಾಲೀಯವರು ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವರು. ಚೀನಾದಲ್ಲಿ ಸಾಧ್ಯವಾದುದು ಭಾರತದಲ್ಲೇಕೆ ಆಗದು? ಆಗ ಎರಡನೆಯ ಮಹಾಯುದ್ಧ ಆರಂಭವಾಗಿತ್ತು. ಸರ್ಕಾರದ ಒಪ್ಪಿಗೆ ಬರಲು ತಿಂಗಳುಗಳೇ ಹಿಡಿದವು. ನೆಲ ಬೇಕೆಂದಾಗ ಕೈಚಾಚಿದ್ದು ನಮ್ಮ ಮೈಸೂರು ಸಂಸ್ಥಾನ. ಸರ್ ಮಿರ್ಜಾ ಇಸ್ಮಾಯಿಲರು ಆಗ ದಿವಾನರು. ಬೆಂಗಳೂರಿನಲ್ಲಿ ಸುಮಾರು 700 ಎಕರೆ ನೆಲ ದೊರೆಯಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ವಾಲ್‌ಚಂದರೂ ಸಂಸ್ಥಾನವೂ ತಲಾ 25 ಲಕ್ಷ ರೂಪಾಯಿ ತೊಡಗಿಸಿದರು. ಮರುವರ್ಷ ಭಾರತ ಸರ್ಕಾರವೂ ಅಷ್ಟೇ ಹಣ ಹಾಕಿ ಪಾಲುಗೊಂಡಿತು.

1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನವನ್ನು ಇಲ್ಲಿ ಜೋಡಿಸಿ ಹಾರಿಸಿದರು. ಆದರೆ 1942ರಲ್ಲಿ, ಜಪಾನೀಯರು ಸಮೀಪಿಸುತ್ತಿರಲು, ಸರ್ಕಾರವು ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆಯು ಅಮೆರಿಕದ ವಾಯುಪಡೆಯ ಕೈಸೇರಿ, ವಿಮಾನಗಳ ದುರಸ್ತಿಯೇ ಅದರ ಮುಖ್ಯ ಕೆಲಸವಾಯಿತು. ಕಟ್ಟಹೊರಟವರಿಗೆ ಹಣ ಮರಳಿತು, ಕನಸು ಮರಳಲಿಲ್ಲ.

ಹಾಗಾದರೆ ಆ ಸಾಹಸ ವ್ಯರ್ಥವಾಯಿತೇ? ನಾನು ಹಾಗೆ ತಿಳಿಯಲಾರೆ. ದುರಸ್ತಿ ಮಾಡುತ್ತ ಮಾಡುತ್ತ ನಮ್ಮವರ ಕೈ ಪಳಗಿತು. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನವು 1951ರಲ್ಲಿ ಬೆಂಗಳೂರಿನ ಆಕಾಶಕ್ಕೇರಿತು. ವಾಲ್‌ಚಂದರು ಕಣ್ಮುಚ್ಚಿದ್ದು 1953ರಲ್ಲಿ.

ಕೊಳ್ಳುವುದೇ ಮೇಲೆಂಬವರ ಮಾತಿನಲ್ಲಿಯೂ ಸತ್ಯವಿದೆ. ಶತ್ರುವು ಬಾಗಿಲಿಗೆ ಬಂದಾಗ ಕುಲುಮೆ ಕಟ್ಟುತ್ತ ಕೂರಲಾಗದು. ವಾಲ್‌ಚಂದರು ಕೂಡ ಯಂತ್ರಗಳನ್ನೂ ತಜ್ಞರನ್ನೂ ತಂದದ್ದು ಅಮೆರಿಕದಿಂದಲೇ. ಆದರೆ ಅವರು ಸಿದ್ಧವಿಮಾನವನ್ನಷ್ಟೇ ತರದೆ ಕಟ್ಟುವ ವಿದ್ಯೆಯನ್ನೂ ತರಿಸಬಯಸಿದರು. ಆ ವಿದ್ಯೆ ಇಂದಿಗೂ ಪೂರ್ಣವಾಗಿಲ್ಲ. 1961ರಲ್ಲಿ ಹಾರಿದ ಮಾರುತ್ ಯುದ್ಧವಿಮಾನಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. 2001ರಲ್ಲಿ ಮೊದಲು ಹಾರಿದ ತೇಜಸ್ಸಿನ ಒಡಲಲ್ಲಿರುವುದೂ ಅಮೆರಿಕದ ಎಂಜಿನ್ನೇ.

ಕೊಂಡ ಆಯುಧವು ಒಂದು ಯುದ್ಧಕ್ಕೆ ಒದಗೀತು. ಕಲಿತ ಕೈ ತಲೆಮಾರುಗಳಿಗೆ ಒದಗುತ್ತದೆ. ಅಗತ್ಯವಿದ್ದಾಗ ಕೊಳ್ಳೋಣ, ಆದರೆ ಕುಲುಮೆಯ ಬೆಂಕಿ ಆರದಂತೆ ನೋಡಿಕೊಳ್ಳೋಣ. ಕಮ್ಮಾರನ ಮಗನಾದ ನಾನು ವಾಲ್‌ಚಂದರ ಜೀವನದಿಂದ ಕಲಿತದ್ದು ಇದನ್ನೇ.