ಅಜ್ಜಿಯ ಹಾಲು ಹಳದಿಯಾದ ದಿನ

ಹೋದ ವರ್ಷ ಆಷಾಢದಲ್ಲಿ ಒಂದು ಬೆಳಿಗ್ಗೆ ಅಜ್ಜಿ ಹಾಲಿನ ಲೋಟವನ್ನು ಹಾಗೇ ವಾಪಸ್ ಕೊಟ್ಟಳು. ಹಾಲಿಗೆ ಅರಿಶಿನ ಯಾಕೆ ಹಾಕಿದೆ ಎಂದು ಕೇಳಿದಳು. ನಾನು ಹಾಕಿರಲಿಲ್ಲ. ವಿಚಾರಿಸಿದರೆ ಅವಳಿಗೆ ಸುಣ್ಣದ ಗೋಡೆಯೂ ಹಳದಿ, ನನ್ನ ಬಿಳಿ ಅಂಗಿಯೂ ಹಳದಿ. ನಾಲ್ಕು ದಿನದಿಂದ ಊಟ ಸೇರುತ್ತಿರಲಿಲ್ಲ, ವಾಕರಿಕೆ ಬೇರೆ. ಪಕ್ಕದ ಮನೆ ಅತ್ತೆ ಬಂದು ಇದು ಕಾಮಾಲೆಯೇ ಎಂದು ತೀರ್ಮಾನಿಸಿ, ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡಲು ಹೇಳಿದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯೇ ಇದೆಯಲ್ಲ. ನಾನೂ ನಂಬಿದೆ. ಬಿ.ಫಾರ್ಮ ಮುಗಿಸಿ ಮನೆಯಲ್ಲಿ ಕೂತಿದ್ದವನು, ಆದರೂ ನಂಬಿದೆ.

ಸಂಜೆ ಡಾಕ್ಟರ ಬಳಿ ಕರೆದುಕೊಂಡು ಹೋದಾಗ ಅವರು ಅಜ್ಜಿಯ ಕಣ್ಣಿನ ರೆಪ್ಪೆ ಎಳೆದು ನೋಡಿ ಕಾಮಾಲೆ ಇಲ್ಲ ಎಂದರು. ನಾಡಿ ಎಣಿಸಿದರು. ನಿಮಿಷಕ್ಕೆ 42. ಹಳೆಯ ಚೀಟಿ ಕೇಳಿದರು. ಅದರಲ್ಲಿ ಡಿಗಾಕ್ಸಿನ್ ಮಾತ್ರೆ ಬರೆದಿತ್ತು, ವಾರಕ್ಕೆ ಐದು ದಿನ ಮಾತ್ರ, ಶನಿವಾರ ಮತ್ತು ಭಾನುವಾರ ರಜೆ. ಅಜ್ಜಿ ಎಷ್ಟು ದಿನ ತಗೊಳ್ಳುತ್ತಿದ್ದಾಳೆ ಎಂದು ಅವರು ನನ್ನನ್ನು ನೋಡಿದರು.

ಏಳು ದಿನ. ಅದು ನನ್ನ ಕೆಲಸ. ಒಂದು ಮದುವೆಗೆ ಹೋಗಿಬಂದ ಮೇಲೆ ಅಜ್ಜಿಯ ಕಾಲು ಬಾತುಕೊಂಡಿತ್ತು. ಎರಡು ಮಾತ್ರೆ ಹೆಚ್ಚು ಹೋದರೆ ನೀರು ಬೇಗ ಇಳಿಯುತ್ತದೆ ಎಂದು ಯಾರನ್ನೂ ಕೇಳದೆ ಶನಿವಾರ, ಭಾನುವಾರವೂ ಕೊಡಲು ಶುರು ಮಾಡಿದ್ದೆ. ಅವಳ ಮೂತ್ರಪಿಂಡ ಮೊದಲೇ ದುರ್ಬಲ. ಔಷಧ ಹೊರಗೆ ಹೋಗದೆ ಮೈಯಲ್ಲೇ ಉಳಿಯುತ್ತ ಬಂದು ವಿಷವಾಗಿತ್ತು. ಡಿಗಾಕ್ಸಿನ್ ವಿಷವಾದಾಗ ಕಣ್ಣಿಗೆ ಹಳದಿ ಕಾಣುತ್ತದೆ ಎಂದು ಫಾರ್ಮಕಾಲಜಿ ಪರೀಕ್ಷೆಯಲ್ಲಿ ನಾನೇ ಬರೆದಿದ್ದೆ. ಐದು ಅಂಕದ ಪ್ರಶ್ನೆ, ಐದಕ್ಕೆ ನಾಲ್ಕು ಬಂದಿತ್ತು.

ಅಜ್ಜಿ ಆಸ್ಪತ್ರೆಯಲ್ಲಿ ಮೂರು ರಾತ್ರಿ ಇದ್ದಳು. ಮಂಚದ ಕೆಳಗೆ ಚಾಪೆ ಹಾಸಿಕೊಂಡು, ನಿದ್ದೆ ಬಾರದೆ, ಮೊಬೈಲಿನಲ್ಲಿ ಆ ಮಾತ್ರೆಯ ಮೂಲ ಹುಡುಕುತ್ತ ಹೋದೆ. ಹಾಗೆ ಸಿಕ್ಕಿದವನು ವಿಲಿಯಂ ವಿದರಿಂಗ್. ಪಠ್ಯಪುಸ್ತಕದಲ್ಲಿ ಇವನಿಗೆ ಒಂದೇ ಸಾಲು ಇತ್ತು: 1785ರಲ್ಲಿ ಫಾಕ್ಸ್‌ಗ್ಲೋವ್ ಗಿಡದ ಬಗ್ಗೆ ಪುಸ್ತಕ ಬರೆದ ಇಂಗ್ಲಿಷ್ ವೈದ್ಯ. ಆ ಸಾಲನ್ನು ಬಾಯಿಪಾಠ ಮಾಡಿದ್ದೆ, ಅಷ್ಟೆ.

ವಿದರಿಂಗ್ ಹುಟ್ಟಿದ್ದು 1741ರಲ್ಲಿ, ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ವೆಲ್ಲಿಂಗ್ಟನ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಔಷಧ ಕುಟ್ಟಿ, ಅರೆದು, ಕೊಡುವವನು. ಮಗ ಎಡಿನ್‌ಬರೋಗೆ ಹೋಗಿ ವೈದ್ಯ ಓದಿದ. ಅಲ್ಲಿ ಕೊಳಲು, ಬ್ಯಾಗ್‌ಪೈಪ್ ನುಡಿಸಿದ, ಗಾಲ್ಫ್ ಆಡಿದ. ಆದರೆ ಸಸ್ಯಶಾಸ್ತ್ರ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಚೆನ್ನಾಗಿ ಗಿಡ ಸಂಗ್ರಹಿಸಿದವರಿಗೆ ಪ್ರೊಫೆಸರು ಚಿನ್ನದ ಪದಕ ಇಟ್ಟಿದ್ದರು. ಅದರಿಂದಲೂ ತನಗೆ ಆ ವಿಷಯ ಹಿಡಿಸುವುದಿಲ್ಲ ಎಂಬ ಅರ್ಥದಲ್ಲಿ ಮನೆಗೆ ಕಾಗದ ಬರೆದಿದ್ದನಂತೆ. ಮುಂದೆ ಒಂದೇ ಒಂದು ಗಿಡದಿಂದ ಜಗತ್ತಿಗೆ ಗೊತ್ತಾದವನು ಇವನು!

1766ರಲ್ಲಿ ಪದವಿ ಪಡೆದು ಸ್ಟಾಫರ್ಡ್ ಪಟ್ಟಣದಲ್ಲಿ ಡಾಕ್ಟರಿಕೆ ಆರಂಭಿಸಿದ. ರೋಗಿಗಳು ಕಡಿಮೆ, ಸಮಯ ಹೆಚ್ಚು. ಆಗ ಅವನ ಬಳಿ ಚಿಕಿತ್ಸೆಗೆ ಬಂದವಳು ಹೆಲೆನಾ ಕುಕ್ಸ್ ಎಂಬ ಯುವತಿ. ಅವಳಿಗೆ ಹೂವಿನ ಚಿತ್ರ ಬರೆಯುವ ಹವ್ಯಾಸ. ಅವಳಿಗಾಗಿ ಹೊಲ, ಬೇಲಿ, ಕಾಡು ಸುತ್ತಿ ಗಿಡ ತಂದುಕೊಡಲು ಶುರು ಮಾಡಿದ. ಪ್ರೊಫೆಸರ ಚಿನ್ನದ ಪದಕದಿಂದ ಆಗದ ಕೆಲಸ ಹೀಗೆ ಆಯಿತು. 1772ರಲ್ಲಿ ಇಬ್ಬರೂ ಮದುವೆಯಾದರು. ನಾಲ್ಕು ವರ್ಷದ ನಂತರ ಅವನು ಬ್ರಿಟನ್ನಿನ ಗಿಡಗಳ ಬಗ್ಗೆ ದೊಡ್ಡ ಪುಸ್ತಕವನ್ನೇ ಹೊರತಂದ. ಹೆಣ್ಣುಮಕ್ಕಳೂ ಓದಲಿ ಎಂದು ಅದರಲ್ಲಿ ಹೂವಿನ ಲಿಂಗಕ್ಕೆ ಸಂಬಂಧಿಸಿದ ಪದಗಳನ್ನು ತಪ್ಪಿಸಿದ್ದ. ಈಗ ಓದಿದರೆ ನಗು ಬರುತ್ತದೆ.

ಅಷ್ಟರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಒಬ್ಬ ವೈದ್ಯ ತೀರಿಕೊಂಡಿದ್ದ. ಆ ಜಾಗಕ್ಕೆ ಬರುವಂತೆ ಕರೆದವನು ಎರಾಸ್ಮಸ್ ಡಾರ್ವಿನ್, ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನ ತಾತ. 1775ರಲ್ಲಿ ವಿದರಿಂಗ್ ಅಲ್ಲಿಗೆ ಹೋದ. ಅಲ್ಲಿ ಲೂನಾರ್ ಸೊಸೈಟಿ ಎಂಬ ಗೆಳೆಯರ ಗುಂಪು ಇತ್ತು. ಉಗಿಯಂತ್ರದ ಜೇಮ್ಸ್ ವಾಟ್, ಆಮ್ಲಜನಕದ ಜೋಸೆಫ್ ಪ್ರೀಸ್ಟ್ಲಿ ಎಲ್ಲರೂ ಅದರಲ್ಲಿದ್ದರು. ರಾತ್ರಿ ಬೆಳದಿಂಗಳಲ್ಲಿ ಮನೆಗೆ ಹೋಗಲು ಅನುಕೂಲವಾಗಲಿ ಎಂದು ಹುಣ್ಣಿಮೆಯ ಆಸುಪಾಸು ಸೇರುತ್ತಿದ್ದರು.

ಅದೇ 1775ರಲ್ಲಿ ಯಾರೋ ಒಂದು ಮನೆಮದ್ದಿನ ಬಗ್ಗೆ ವಿದರಿಂಗ್‌ನ ಅಭಿಪ್ರಾಯ ಕೇಳಿದರು. ಶ್ರಾಪ್‌ಶೈರಿನ ಒಬ್ಬ ಮುದುಕಿ ಗುಟ್ಟಾಗಿ ಇಟ್ಟುಕೊಂಡಿದ್ದ ಮದ್ದು ಅದು. ಕೈಕಾಲು, ಹೊಟ್ಟೆಯಲ್ಲಿ ನೀರು ತುಂಬಿ ಬಾತುಕೊಳ್ಳುವ ಕಾಯಿಲೆಗೆ ಆಗ ಡ್ರಾಪ್ಸಿ ಎನ್ನುತ್ತಿದ್ದರು. ಓದಿದ ವೈದ್ಯರು ಕೈಬಿಟ್ಟ ಕೆಲವರು ಮುದುಕಿಯ ಮದ್ದಿನಿಂದ ಎದ್ದು ಓಡಾಡಿದ್ದರು. ಅದರಲ್ಲಿ ಇಪ್ಪತ್ತೋ ಅದಕ್ಕಿಂತ ಹೆಚ್ಚೋ ಸೊಪ್ಪುಗಳಿದ್ದವು. ಕುಡಿದವರಿಗೆ ವಿಪರೀತ ವಾಂತಿ, ಭೇದಿ. ಹೆಂಡತಿಗಾಗಿ ಗಿಡ ಹುಡುಕಿ ಪಳಗಿದ್ದ ವಿದರಿಂಗ್‌ಗೆ, ಇಷ್ಟರಲ್ಲಿ ಕೆಲಸ ಮಾಡುವುದು ಒಂದೇ, ಅದು ಫಾಕ್ಸ್‌ಗ್ಲೋವ್ ಎಂದು ಕಂಡುಹಿಡಿಯಲು ಕಷ್ಟವಾಗಲಿಲ್ಲ. ನೇರಳೆ ಬಣ್ಣದ ಗಂಟೆಯಂಥ ಹೂ ಬಿಡುವ, ವಿಷದ್ದೆಂದೇ ಎಲ್ಲರಿಗೂ ಗೊತ್ತಿದ್ದ ಗಿಡ.

ಇಲ್ಲಿಯವರೆಗೆ ಇದು ನಾವೆಲ್ಲ ಕೇಳುವ ಸಾಮಾನ್ಯ ಕಥೆ. ಅಜ್ಜಿ ಮದ್ದು, ವಿಜ್ಞಾನಿ, ಆವಿಷ್ಕಾರ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ನಂತರದ ಹತ್ತು ವರ್ಷ.

ಗಿಡ ಗೊತ್ತಾಯಿತು, ಆದರೆ ಎಷ್ಟು ಕೊಡಬೇಕು? ವಿದರಿಂಗ್ ದಿನಕ್ಕೊಂದು ಗಂಟೆ ಬಡವರನ್ನು ಉಚಿತವಾಗಿ ನೋಡುತ್ತಿದ್ದ, ವರ್ಷಕ್ಕೆ ಎರಡು ಮೂರು ಸಾವಿರ ಜನ. ಮೊದಲು ಮದ್ದು ಕೊಟ್ಟದ್ದು ಅವರಿಗೇ, ಅದೂ ಅತಿಯಾಗಿ. ಬಡವರ ಮೇಲೆ ಪ್ರಯೋಗ ಎಂದು ಇಂದು ನಾವು ಇದನ್ನು ಪ್ರಶ್ನಿಸುತ್ತೇವೆ, ಪ್ರಶ್ನಿಸಲೇಬೇಕು. ಆದರೆ ಪ್ರಮಾಣ ಅತಿಯಾಗಿತ್ತು ಎಂದು ನಮಗೆ ಗೊತ್ತಾಗಿರುವುದು ಅವನೇ ಒಪ್ಪಿಕೊಂಡು ಬರೆದಿಟ್ಟದ್ದರಿಂದ.

ಅವನ ದಾಖಲೆಯ ಮೊದಲ ರೋಗಿ 1775ರ ಡಿಸೆಂಬರ್ 8ರಂದು ಬಂದವನು. ಐವತ್ತರ ಆಸುಪಾಸು, ಒಂದು ಕಾಲಕ್ಕೆ ಕಟ್ಟಡ ಕಟ್ಟಿಸುತ್ತಿದ್ದವನು, ಈಗ ಕೈ ಖಾಲಿ. ಉಸಿರು ಕಟ್ಟುತ್ತಿತ್ತು, ಹೊಟ್ಟೆ ಉಬ್ಬಿತ್ತು. ಫಾಕ್ಸ್‌ಗ್ಲೋವ್ ಕಷಾಯ ಕೊಟ್ಟ ಮೇಲೆ ಮೂತ್ರ ಧಾರಾಳವಾಗಿ ಹೋಗಿ, ಉಸಿರಾಟ ಹಗುರಾಗಿ, ಸುಮಾರು ಹತ್ತು ದಿನದಲ್ಲಿ ಹಸಿವಿನಿಂದ ಉಣ್ಣತೊಡಗಿದ.

ಎಲ್ಲರಿಗೂ ಹೀಗಾಗಲಿಲ್ಲ. ಒಂದು ಸಲ ಕೊಟ್ಟ ಕಷಾಯದ ಬಲ ಇನ್ನೊಂದು ಸಲ ಇರುತ್ತಿರಲಿಲ್ಲ. ಬೇರು ಒಂದೊಂದು ಕಾಲಕ್ಕೆ ಒಂದೊಂದು ಥರ. ಆದ್ದರಿಂದ ಬೇರು ಬಿಟ್ಟು ಎಲೆ ಹಿಡಿದ. ಅದೂ ಗಿಡ ಹೂ ಬಿಡುವ ಹೊತ್ತಿನಲ್ಲೇ ಕಿತ್ತ ಎಲೆ. ತೊಟ್ಟು, ನಡುವಿನ ದಪ್ಪ ನರ ತೆಗೆದು, ಬಿಸಿಲಿನಲ್ಲೋ ಬೆಂಕಿಯ ಮುಂದೆ ತಗಡಿನ ಮೇಲೋ ಒಣಗಿಸಿ, ಹಸಿರು ಪುಡಿ ಮಾಡುತ್ತಿದ್ದ. ಕುದಿಸಿದರೆ ಗುಣ ಕೆಡುತ್ತದೆ ಅನ್ನಿಸಿ ಕಷಾಯದ ಬದಲು ಬಿಸಿನೀರು ಸುರಿದು ಸೋಸಿದ ಸಾರಕ್ಕೆ ಬಂದ. ಕೊನೆಗೆ ನಿಂತ ಪ್ರಮಾಣ ದಿನಕ್ಕೆ ಎರಡು ಸಲ 1ರಿಂದ 3 ಗ್ರೇನ್ ಪುಡಿ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ, ಚಿಟಿಕೆಗಿಂತ ಕಡಿಮೆ.

ಈ ನಡುವೆ ಮನಸ್ಸು ಕಹಿಯಾಗುವ ಘಟನೆಯೊಂದು ನಡೆಯಿತು. ವಿದರಿಂಗ್ ಮತ್ತು ಎರಾಸ್ಮಸ್ ಡಾರ್ವಿನ್ ಸೇರಿ ನೋಡಿದ ರೋಗಿಯೊಬ್ಬಳಿದ್ದಳು. ಡಾರ್ವಿನ್ನನ ಒಬ್ಬ ಮಗ ವೈದ್ಯ ಓದುತ್ತಿದ್ದಾಗ 19ನೇ ವಯಸ್ಸಿಗೇ ತೀರಿಕೊಂಡ. ಅಪ್ಪ 1780ರಲ್ಲಿ ಮಗನ ಪ್ರಬಂಧ ಅಚ್ಚು ಹಾಕಿಸಿ, ಕೊನೆಯಲ್ಲಿ ಫಾಕ್ಸ್‌ಗ್ಲೋವ್ ಕೊಟ್ಟ ರೋಗಿಗಳ ವಿವರ ಸೇರಿಸಿದ. ವಿದರಿಂಗ್‌ನ ಹೆಸರೇ ಅದರಲ್ಲಿ ಇರಲಿಲ್ಲ. ಇಬ್ಬರ ಸ್ನೇಹ ಮತ್ತೆ ಸರಿಹೋಗಲಿಲ್ಲ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹೆಸರು ಬಿಟ್ಟುಹೋದ ಅನುಭವ ಇರುವವರಿಗೆ ಅವನ ಸಂಕಟ ಬೇಗ ಅರ್ಥವಾದೀತು.

ಆದರೂ ಅವನು ಅವಸರಪಟ್ಟು ಅಚ್ಚಿಗೆ ಹೋಗಲಿಲ್ಲ. 1783ರಲ್ಲಿ ಗಿಡ ಎಡಿನ್‌ಬರೋದ ಅಧಿಕೃತ ಔಷಧ ಪಟ್ಟಿ ಸೇರಿತು. ವೈದ್ಯರು ಮನಸ್ಸಿಗೆ ಬಂದಷ್ಟು ಕೊಡಲಾರಂಭಿಸಿದರು. ಹೀಗೇ ಬಿಟ್ಟರೆ ಜನ ಸಾಯುತ್ತಾರೆ, ಇಲ್ಲವೇ ಒಳ್ಳೆಯ ಔಷಧ ಕೆಟ್ಟ ಹೆಸರು ಪಡೆದು ಮೂಲೆ ಸೇರುತ್ತದೆ ಎಂಬ ಭಯ ಅವನಿಗೆ. 1785ರಲ್ಲಿ ಪುಸ್ತಕ ಬಂತು. ತಾನೇ ನೋಡಿದ 160ಕ್ಕೂ ಹೆಚ್ಚು ರೋಗಿಗಳ ವಿವರ ಅದರಲ್ಲಿದೆ. ಗುಣವಾದವರನ್ನು ಮಾತ್ರ ಆರಿಸಿದ್ದರೆ ತನ್ನ ಹೆಸರು ಇನ್ನೂ ದೊಡ್ಡದಾಗುತ್ತಿತ್ತು ಎಂದು ಅವನಿಗೆ ಗೊತ್ತಿತ್ತು. ಸತ್ತವರನ್ನೂ, ಮದ್ದು ನಾಟದವರನ್ನೂ, ತಾನು ಹೆಚ್ಚು ಕೊಟ್ಟು ಒದ್ದಾಡಿಸಿದವರನ್ನೂ ಬಿಡದೆ ಸೇರಿಸಿದ.

ಹೆಚ್ಚಾದರೆ ಏನಾಗುತ್ತದೆ ಎಂಬ ಪಟ್ಟಿಯನ್ನು ಆಸ್ಪತ್ರೆಯ ಚಾಪೆ ಮೇಲೆ ಓದುವಾಗ ಮೈ ಬೆವೆತಿತು. ವಾಕರಿಕೆ, ವಾಂತಿ, ತಲೆಸುತ್ತು, ವಸ್ತುಗಳು ಹಸಿರಾಗಿ ಅಥವಾ ಹಳದಿಯಾಗಿ ಕಾಣುವುದು, ನಾಡಿ 35ಕ್ಕೆ ಇಳಿಯುವುದು, ತಣ್ಣನೆ ಬೆವರು, ಪ್ರಜ್ಞೆ ತಪ್ಪುವುದು, ಸಾವು. ಮೇಲೆ ಮಂಚದಲ್ಲಿ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ಆ ಸದ್ದು ಅಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ. ಮೂತ್ರದ ಮೇಲೋ, ಹೊಟ್ಟೆಯ ಮೇಲೋ, ನಾಡಿಯ ಮೇಲೋ, ಕರುಳಿನ ಮೇಲೋ ಮದ್ದಿನ ಪರಿಣಾಮ ಮೊದಲ ಸಲ ಕಂಡ ಕೂಡಲೇ ನಿಲ್ಲಿಸಬೇಕು ಎಂಬುದು ಅವನ ನಿಯಮ. ರಕ್ತ ಪರೀಕ್ಷೆ, ಇಸಿಜಿ ಯಾವುದೂ ಇಲ್ಲದ ಕಾಲದಲ್ಲಿ ಮಾಡಿದ ನಿಯಮ.

ಎಲ್ಲವೂ ಅವನಿಗೆ ಸರಿಯಾಗಿ ತಿಳಿದಿರಲಿಲ್ಲ. ಈ ಮದ್ದು ಮುಖ್ಯವಾಗಿ ಮೂತ್ರ ಹೋಗಿಸುತ್ತದೆ ಎಂದುಕೊಂಡಿದ್ದ. ಹೃದಯದ ಬಡಿತದ ಮೇಲೆ ಇದಕ್ಕೆ ಬೇರೆ ಯಾವುದಕ್ಕೂ ಇಲ್ಲದ ಹಿಡಿತವಿದೆ ಎಂದು ಗುರುತಿಸಿದ್ದನಾದರೂ ಅದರ ಜಾಡು ಹಿಡಿಯಲಿಲ್ಲ. ಹೃದಯ ಸೋತಾಗ ಮೈಯಲ್ಲಿ ನೀರು ನಿಲ್ಲುತ್ತದೆ, ಹೃದಯ ಗಟ್ಟಿಯಾದರೆ ನೀರು ತಾನಾಗಿ ಇಳಿಯುತ್ತದೆ ಎಂಬುದು ನಂತರದವರು ಕಂಡುಕೊಂಡದ್ದು. ನಾನೂ ಎರಡು ಮಾತ್ರೆ ಹೆಚ್ಚು ಕೊಟ್ಟು ನೀರು ಇಳಿಸಲು ಹೊರಟದ್ದು ಅವನ ತಪ್ಪು ತಿಳಿವಳಿಕೆಯಲ್ಲೇ, ಇನ್ನೂರಕ್ಕೂ ಹೆಚ್ಚು ವರ್ಷ ತಡವಾಗಿ.

ಅವನ ಕೊನೆಯ ವರ್ಷಗಳು ಸುಖದವಲ್ಲ. 1791ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಗಲಭೆಯಾಗಿ ಪ್ರೀಸ್ಟ್ಲಿಯ ಮನೆ ಸುಟ್ಟರು. ಗುಂಪು ವಿದರಿಂಗ್‌ನ ಮನೆ ಬಾಗಿಲಿಗೂ ಬಂದಿತ್ತು, ಹೇಗೋ ಉಳಿಯಿತು. ಕ್ಷಯ ಅವನ ಶ್ವಾಸಕೋಶ ತಿನ್ನುತ್ತಿತ್ತು. ಚಳಿ ತಪ್ಪಿಸಿಕೊಳ್ಳಲು ಎರಡು ಚಳಿಗಾಲ ಪೋರ್ಚುಗಲ್ಲಿನಲ್ಲಿ ಕಳೆದ. 1799ರ ಅಕ್ಟೋಬರಿನಲ್ಲಿ, 58ನೇ ವಯಸ್ಸಿನಲ್ಲಿ ತೀರಿಕೊಂಡ. ಎಜ್‌ಬಾಸ್ಟನ್ ಚರ್ಚಿನಲ್ಲಿರುವ ಅವನ ಸ್ಮಾರಕದ ಮೇಲೆ ಫಾಕ್ಸ್‌ಗ್ಲೋವ್ ಕೆತ್ತಿದ್ದಾರೆ. 1930ರಲ್ಲಿ ಸಿಡ್ನಿ ಸ್ಮಿತ್ ಎಂಬ ರಸಾಯನ ವಿಜ್ಞಾನಿ ಆ ಗಿಡದ ಇನ್ನೊಂದು ಜಾತಿಯಿಂದ ಡಿಗಾಕ್ಸಿನ್ ಬೇರ್ಪಡಿಸಿದ. ಅಜ್ಜಿಯ ಮಾತ್ರೆ ಅದೇ, 0.25 ಮಿಲಿಗ್ರಾಂ.

ಅಜ್ಜಿ ಮನೆಗೆ ಬಂದ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದಿನಾಂಕ, ನಾಡಿ, ತೂಕ, ಯಾವ ಮಾತ್ರೆ ಎಷ್ಟು ಗಂಟೆಗೆ. ಮೊದಲ ಪುಟದಲ್ಲಿ ನಾನು ಯಾವ ದಿನದಿಂದ ಯಾವ ದಿನದವರೆಗೆ ತಪ್ಪಾಗಿ ಕೊಟ್ಟೆ ಎಂಬುದೂ ಇದೆ. ಮೊನ್ನೆ ಕೆಲಸದ ಸಂದರ್ಶನವೊಂದರಲ್ಲಿ ಓದಿನ ಹೊರಗೆ ಏನು ಕಲಿತಿದ್ದೀರಿ ಎಂದು ಕೇಳಿದಾಗ ಈ ಕಥೆ ಹೇಳಿದೆ. ಅವರು ಬರೆದುಕೊಂಡರು. ಉತ್ತರ ಇನ್ನೂ ಬಂದಿಲ್ಲ.

ಅಜ್ಜಿಗೂ ವಿದರಿಂಗ್ ಕಥೆ ಪೂರ್ತಿ ಹೇಳಿದ್ದೇನೆ. ಲೂನಾರ್ ಸೊಸೈಟಿ, ಡಾರ್ವಿನ್ ಜಗಳ ಯಾವುದೂ ಅವಳಿಗೆ ಬೇಕಾಗಲಿಲ್ಲ. ಆ ಮುದುಕಿಯ ಹೆಸರೇನು ಎಂದು ಕೇಳಿದಳು. ವಿದರಿಂಗ್ ಬರೆದಿಟ್ಟಿಲ್ಲ ಎಂದೆ. ಮದರ್ ಹಟನ್ ಎಂಬ ಹೆಸರು ಎಷ್ಟೋ ಕಡೆ ಕಾಣುತ್ತದೆ, ಆದರೆ ಅದು 1928ರಲ್ಲಿ ಅಮೆರಿಕದ ಔಷಧ ಕಂಪನಿಯೊಂದರ ಜಾಹೀರಾತಿನಲ್ಲಿ ಹುಟ್ಟಿದ ಹೆಸರು ಎಂದೂ ಹೇಳಿದೆ. ಸತ್ತವರನ್ನೆಲ್ಲ ಲೆಕ್ಕ ಇಟ್ಟವನಿಗೆ ಅವಳ ಹೆಸರು ಬರೆಯಲು ಏನು ಧಾಡಿಯಾಗಿತ್ತು ಎಂದು ಅಜ್ಜಿ ಸಿಡುಕಿದಳು. ಆಮೇಲೆ, ಇವತ್ತು ಶನಿವಾರ, ಮಾತ್ರೆ ಡಬ್ಬಿ ಒಳಗಿಡು ಎಂದಳು.